ವಸತಿ ಯೋಜನೆಯ ಪರಿಷ್ಕರಣೆ ಮತ್ತು ವಾಣಿಜ್ಯೋದ್ಯಮಿಗಳ ಹೊಣೆ

ಒಂದು ನಗರದ ವಾಣಿಜ್ಯ ಹಾಗೂ ಕೈಗಾರಿಕೆಗಳ ಏಳಿಗೆಗೆ ರಸ್ತೆ, ನೀರು ಮತ್ತು ವಿದ್ಯುತ್ತು ಎಷ್ಟು ಅವಶ್ಯಕವೋ, ಅಲ್ಲಿ ದುಡಿಯುವವರಿಗೆ ತಲೆಯ ಮೇಲೊಂದು ಸೂರು ಇರುವುದೂ ಅಷ್ಟೇ ಅವಶ್ಯಕ. ಮೊದಲ ಮೂರು ವಿಷಯಗಳ ಬಗೆಗೆ ನಾಡಿನ ವಾಣಿಜ್ಯ ಸಂಸ್ಥೆಗಳು ದಶಕಗಳಿಂದಲೂ ಸರ್ಕಾರದ ಗಮನ ಸೆಳೆಯುತ್ತ ಬಂದಿವೆ. ನಾಲ್ಕನೆಯ ವಿಷಯವನ್ನು ಮಾತ್ರ ಗೃಹ ಮಂಡಳಿಯವರು, ಅಭಿವೃದ್ಧಿ ಪ್ರಾಧಿಕಾರದವರು ಹಾಗೂ ಕಟ್ಟಡ ನಿರ್ಮಾಪಕರು ನೋಡಿಕೊಳ್ಳತಕ್ಕದ್ದೆಂದು ಬಗೆದು ಸುಮ್ಮನಿರುವುದು ವಾಡಿಕೆಯಾಗಿದೆ. ಈ ವಾಡಿಕೆಯನ್ನು ಬಿಡಬೇಕಾದ ಕಾಲ ಬಂದಿದೆ.

ಹಾಗೆ ಹೇಳಲು ಕಾರಣವಿದೆ. 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮವು ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ರೂಪುಗೊಂಡವು. ಆಡಳಿತದ ಚೌಕಟ್ಟು ಬದಲಾದ ಮೇಲೆ ನಗರದ ಯೋಜನೆಯನ್ನೂ ಹೊಸದಾಗಿ ನೋಡದೆ ಗತ್ಯಂತರವಿಲ್ಲ. ಆ ಯೋಜನೆಯಲ್ಲಿ ಮನೆಗಳು ಎಲ್ಲಿ ಬರಬೇಕು, ಎಂಥ ಆದಾಯದವರಿಗೆ ಬರಬೇಕು, ಕಾರ್ಖಾನೆ ಮತ್ತು ಪೇಟೆಗಳಿಂದ ಎಷ್ಟು ದೂರದಲ್ಲಿರಬೇಕು ಎಂಬುದನ್ನು ನಿರ್ಧರಿಸುವ ಭಾಗವೇ ವಸತಿ ಯೋಜನೆ. ಅದನ್ನು ಪರಿಷ್ಕರಿಸುವಾಗ ಸಾರ್ವಜನಿಕರ ಅಭಿಪ್ರಾಯವನ್ನು ಪಡೆಯುವ ಕ್ರಮ ಹೇಗಿರಬೇಕು, ಅದರಲ್ಲಿ ವರ್ತಕರೂ ಸಣ್ಣ ಉದ್ದಿಮೆದಾರರೂ ವಹಿಸಬೇಕಾದ ಪಾತ್ರವೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಸತಿಯ ಪ್ರಶ್ನೆ ನಮ್ಮದೇಕೆ?

ಬೆಂಗಳೂರಿನ ಬೆಳವಣಿಗೆಯನ್ನು ಅವಲೋಕಿಸಿದರೆ ವಸತಿಗೂ ದುಡಿಮೆಗೂ ಇರುವ ನಂಟು ತಾನಾಗಿಯೇ ಗೋಚರಿಸುತ್ತದೆ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಹಬ್ಬಿದ ಕಾಲದಲ್ಲಿಯೇ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ರಾಜಾಜಿನಗರವನ್ನು ಕೈಗಾರಿಕಾ ಉಪನಗರವೆಂದೇ ಯೋಜಿಸಲಾಯಿತು. ಕಾರ್ಖಾನೆಗಳಿರುವ ಕಡೆಯೇ ಕಾರ್ಮಿಕರ ಮನೆಗಳೂ ಇರಬೇಕೆಂಬುದು ಅದರ ಹಿಂದಿನ ವಿಚಾರವಾಗಿತ್ತು. ಹಿಂದೂಸ್ತಾನ್ ಏರೋನಾಟಿಕ್ಸ್, ಐ.ಟಿ.ಐ., ಎಚ್.ಎಂ.ಟಿ. ಹಾಗೂ ಬಿ.ಇ.ಎಲ್.ನಂತಹ ಸಾರ್ವಜನಿಕ ಉದ್ದಿಮೆಗಳು ತಮ್ಮ ಕಾರ್ಖಾನೆಗಳ ಮಗ್ಗುಲಲ್ಲಿಯೇ ವಸತಿಗೃಹಗಳು, ಶಾಲೆ, ಆಸ್ಪತ್ರೆಗಳನ್ನು ಕಟ್ಟಿದವು. ಅಲ್ಲಿ ನೌಕರನ ವಸತಿಯ ಹೊಣೆಯನ್ನು ಬಹುಮಟ್ಟಿಗೆ ಉದ್ದಿಮೆಯೇ ಹೊತ್ತಿತ್ತು.

ಸಣ್ಣ ಉದ್ದಿಮೆದಾರನಿಗೆ ಈ ಅನುಕೂಲವಿಲ್ಲ. ಪೀಣ್ಯದಲ್ಲಿ ಸಾವಿರಾರು ಸಣ್ಣ ಘಟಕಗಳಿವೆ. ಹತ್ತು ಮಂದಿಯನ್ನು ಇಟ್ಟುಕೊಂಡು ಲೇತ್ ನಡೆಸುವವನು, ಇಪ್ಪತ್ತು ಹೊಲಿಗೆ ಯಂತ್ರಗಳ ಸಿದ್ಧ ಉಡುಪು ಘಟಕದವನು ಅಥವಾ ನಾಲ್ಕು ಜನ ಹಮಾಲರಿರುವ ಸಗಟು ವರ್ತಕನು ಅವರಿಗಾಗಿ ಕಾಲೊನಿ ಕಟ್ಟಲಾರನು. ಹೀಗಾಗಿ ಅವನ ಕೆಲಸಗಾರರಿಗೆ ಮನೆ ಸಿಗುವುದೂ ಸಿಗದಿರುವುದೂ ಪೂರ್ತಿಯಾಗಿ ನಗರದ ಯೋಜನೆಯನ್ನು ಅವಲಂಬಿಸಿದೆ. ದೊಡ್ಡ ಉದ್ದಿಮೆಗಿಂತ ಸಣ್ಣ ಉದ್ದಿಮೆಗೇ ವಸತಿ ಯೋಜನೆಯ ಅಗತ್ಯ ಹೆಚ್ಚು ಎಂಬುದನ್ನು ನಾವು ಸಾಕಷ್ಟು ಮನಗಂಡಿಲ್ಲ.

ಮನೆಯ ಕೊರತೆಯ ವೆಚ್ಚವು ನಮ್ಮ ಲೆಕ್ಕಪುಸ್ತಕದಲ್ಲಿ ಆ ಹೆಸರಿನಿಂದ ಕಾಣಿಸಿಕೊಳ್ಳುವುದಿಲ್ಲ. ಬಾಡಿಗೆ ಮನೆಯ ಮುಂಗಡಕ್ಕಾಗಿ ಕೆಲಸಗಾರನು ಕೇಳುವ ಸಂಬಳದ ಸಾಲ, ಎರಡು ಬಸ್ಸು ಬದಲಿಸಿ ಬರುವವನು ತಪ್ಪಿಸಿಕೊಳ್ಳುವ ಅರ್ಧ ಗಂಟೆಯ ಪಾಳಿ, ರಾತ್ರಿ ಪಾಳಿಗೆ ಬರಲೊಪ್ಪದ ಮಹಿಳಾ ನೌಕರರು, ಬಾಡಿಗೆ ಏರಿತೆಂದು ಊರಿನ ಇನ್ನೊಂದು ತುದಿಗೆ ಹೋಗಿ ಅಲ್ಲಿಯೇ ಕೆಲಸ ಹಿಡಿದ ನುರಿತ ಟರ್ನರ್, ಅವನ ಬದಲಿಗೆ ಬಂದವನಿಗೆ ಕೆಲಸ ಕಲಿಸುವ ಆರು ತಿಂಗಳು, ಇವೆಲ್ಲವೂ ವಸತಿಯ ವೆಚ್ಚಗಳೇ. ಕಾರ್ಮಿಕರ ಅಭಾವವೆಂದು ನಾವು ದೂರುವ ಅನೇಕ ಸಂದರ್ಭಗಳಲ್ಲಿ ನಿಜಕ್ಕೂ ಇರುವುದು ಕಾರ್ಮಿಕರು ವಾಸಿಸಬಲ್ಲ ಮನೆಗಳ ಅಭಾವ.

ಅಂಕಿ ಅಂಶಗಳ ಪಾಠ

ಕೇಂದ್ರ ಸರ್ಕಾರವು ನೇಮಿಸಿದ್ದ ತಾಂತ್ರಿಕ ತಂಡವೊಂದು ದೇಶದ ನಗರಗಳಲ್ಲಿ 2012ರಲ್ಲಿದ್ದ ವಸತಿ ಕೊರತೆಯನ್ನು 1 ಕೋಟಿ 87.8 ಲಕ್ಷ ಮನೆಗಳೆಂದು ಅಂದಾಜು ಮಾಡಿತ್ತು. ಈ ಕೊರತೆಯಲ್ಲಿ ಶೇಕಡಾ 95ಕ್ಕೂ ಹೆಚ್ಚು ಪಾಲು ಆರ್ಥಿಕವಾಗಿ ದುರ್ಬಲ ವರ್ಗದವರದು ಮತ್ತು ಕಡಿಮೆ ಆದಾಯದವರದು. ಅದರಲ್ಲಿಯೂ ಸುಮಾರು 1 ಕೋಟಿ 50 ಲಕ್ಷ ಕುಟುಂಬಗಳು ಮನೆಯೇ ಇಲ್ಲದವಲ್ಲ. ಒಂದೇ ಕೋಣೆಯಲ್ಲಿ ಎರಡು ಸಂಸಾರ ಎಂಬಂತೆ ಇಕ್ಕಟ್ಟಿನಲ್ಲಿ ವಾಸಿಸುವವು. ಪೂರ್ತಿ ಸೂರಿಲ್ಲದವು ಸುಮಾರು 5.3 ಲಕ್ಷ ಕುಟುಂಬಗಳು ಮಾತ್ರ.

ಇದಕ್ಕೆ ಪಕ್ಕದಲ್ಲಿಯೇ ಇನ್ನೊಂದು ಅಂಕಿಯನ್ನಿಟ್ಟು ನೋಡಬೇಕು. 2011ರ ಜನಗಣತಿಯ ಪ್ರಕಾರ ದೇಶದ ನಗರ ಪ್ರದೇಶಗಳಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ಒಂದು ಕಡೆ ಇಕ್ಕಟ್ಟು, ಮತ್ತೊಂದು ಕಡೆ ಬೀಗ ಹಾಕಿದ ಮನೆ. ಸರಕು ಗೋದಾಮಿನಲ್ಲಿ ಕೊಳೆಯುತ್ತಿರುವಾಗಲೇ ಗಿರಾಕಿಯು ಬರಿಗೈಯಲ್ಲಿ ಹಿಂದಿರುಗಿದರೆ ವರ್ತಕನು ಏನೆಂದು ತೀರ್ಮಾನಿಸುತ್ತಾನೆ? ಬೇಡಿಕೆಯನ್ನು ಅರಿಯದೆ ಸರಕು ತರಿಸಲಾಗಿದೆ ಎಂದೇ ಅಲ್ಲವೆ? ವಸತಿಯಲ್ಲಿಯೂ ಆಗಿರುವುದು ಅದೇ. ಯಾರಿಗೆ, ಎಲ್ಲಿ, ಎಷ್ಟು ಬಾಡಿಗೆಯ ಅಥವಾ ಎಷ್ಟು ಬೆಲೆಯ ಮನೆ ಬೇಕೆಂಬುದನ್ನು ಆ ಮನೆ ಬೇಕಾದವರನ್ನೇ ಕೇಳಿ ತಿಳಿಯುವ ಪದ್ಧತಿ ಬೆಳೆಯಲಿಲ್ಲ. ನಿವೇಶನ ಹಂಚಿದರೆ ವಸತಿ ಒದಗಿಸಿದಂತಾಯಿತು ಎಂಬ ಭಾವನೆ ನಮ್ಮ ಪ್ರಾಧಿಕಾರಗಳಲ್ಲಿ ಬಹುಕಾಲ ಬೇರೂರಿತ್ತು. ನಿವೇಶನ ಕೊಂಡು, ಸಾಲ ತೆಗೆದು ಮನೆ ಕಟ್ಟುವ ಶಕ್ತಿಯಿಲ್ಲದ ಬಾಡಿಗೆದಾರನು ಆ ಲೆಕ್ಕದ ಹೊರಗೇ ಉಳಿದನು.

ಸಾರ್ವಜನಿಕರನ್ನು ಕೇಳುವುದು ಕೇವಲ ಪ್ರಜಾಪ್ರಭುತ್ವದ ಶಿಷ್ಟಾಚಾರವಲ್ಲ. ಬೇಡಿಕೆಯನ್ನು ಅರಿಯುವ ಮಾರ್ಗವೂ ಅದೇ.

ಕಾನೂನಿನಲ್ಲಿರುವುದು ಮತ್ತು ಇದುವರೆಗೆ ನಡೆದಿರುವುದು

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅನ್ವಯ ಪ್ರತಿಯೊಂದು ಯೋಜನಾ ಪ್ರಾಧಿಕಾರವೂ ತನ್ನ ವ್ಯಾಪ್ತಿಗೆ ಮಹಾಯೋಜನೆಯನ್ನು ಸಿದ್ಧಪಡಿಸಬೇಕು ಮತ್ತು ಹತ್ತು ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಕರಡಿಗೆ ಸರ್ಕಾರದ ತಾತ್ಕಾಲಿಕ ಅನುಮೋದನೆ ದೊರೆತ ಮೇಲೆ ಅದನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆ ಹಾಗೂ ಸಲಹೆಗಳಿಗೆ 60 ದಿನಗಳ ಅವಕಾಶ ನೀಡಬೇಕು. ಇದು ಬೆಂಗಳೂರಿಗೆ ಮಾತ್ರವಲ್ಲ, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ಮೊದಲಾದ ನಗರಗಳಿಗೂ ಅನ್ವಯಿಸುವ ಕ್ರಮ. ಇದಲ್ಲದೆ 2015ರ ಜೂನ್ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಪ್ರತಿ ನಗರವೂ ವಸತಿ ಬೇಡಿಕೆಯ ಸಮೀಕ್ಷೆ ನಡೆಸಿ ಎಲ್ಲರಿಗೂ ವಸತಿ ಒದಗಿಸುವ ಕ್ರಿಯಾ ಯೋಜನೆಯನ್ನು ತಯಾರಿಸಬೇಕೆಂದು ವಿಧಿಸಲಾಗಿತ್ತು.

ಸಂವಿಧಾನದ 74ನೇ ತಿದ್ದುಪಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ ಈ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕು. ಮಹಾನಗರ ಪ್ರದೇಶಗಳಲ್ಲಿ ಮಹಾನಗರ ಯೋಜನಾ ಸಮಿತಿಯಿದ್ದು, ಅದರ ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿಯಾದರೂ ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದ ಆರಿಸಿ ಬಂದವರಾಗಿರಬೇಕು. ಯೋಜನೆಯು ಕೆಳಗಿನಿಂದ ಮೇಲಕ್ಕೆ ಬರಬೇಕೆಂಬುದೇ ಇದರ ಆಶಯ. ಆದರೆ ಬೆಂಗಳೂರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ತರುವಾಯ ಆಡಳಿತವು ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲಿಯೇ ನಡೆಯಿತು.

ಮಹಾಯೋಜನೆಯ ಕಥೆಯೂ ಇದಕ್ಕಿಂತ ಭಿನ್ನವಾಗಿಲ್ಲ. 2007ರ ಜೂನ್‌ನಲ್ಲಿ ಅಂಗೀಕೃತವಾದ ಪರಿಷ್ಕೃತ ಮಹಾಯೋಜನೆಯು 2015ರವರೆಗಿನ ಅವಧಿಗೆ ರೂಪಿತವಾದದ್ದು. ಅದರ ಮುಂದಿನದಾದ 2031ರ ಮಹಾಯೋಜನೆಯ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಯಿತು. 2031ರ ವೇಳೆಗೆ ಜನಸಂಖ್ಯೆಯು 2 ಕೋಟಿಯನ್ನು ದಾಟುವುದೆಂದು ಅದರಲ್ಲಿ ಅಂದಾಜಿಸಲಾಗಿತ್ತು. ಕರಡಿಗೆ 13,000ಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಕೊನೆಗೆ 2020ರಲ್ಲಿ ಸರ್ಕಾರವು ಆ ಕರಡನ್ನೇ ಹಿಂದಕ್ಕೆ ಪಡೆಯಿತು. ಪರಿಣಾಮವಾಗಿ, 2015ಕ್ಕೆ ಮುಗಿಯಬೇಕಾಗಿದ್ದ ಯೋಜನೆಯ ಮೇಲೆಯೇ ನಗರವು ಅನಂತರವೂ ವರ್ಷಗಟ್ಟಲೆ ಸಾಗಬೇಕಾಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಒಪ್ಪುತ್ತದೆ. ನಕ್ಷೆಗಳ ಬಣ್ಣ ಒಣಗಿದ ಮೇಲೆ ಜನರನ್ನು ಕರೆದು ನಿಮ್ಮ ಆಕ್ಷೇಪಣೆ ಏನೆಂದು ಕೇಳಿದರೆ, ಬಂದವರು ಆಕ್ಷೇಪಣೆಯನ್ನಲ್ಲದೆ ಮತ್ತೇನನ್ನು ಕೊಟ್ಟಾರು? ತನ್ನ ಜಮೀನು ರಸ್ತೆಗೆ ಹೋಯಿತೆಂದು ಒಬ್ಬನು, ತನ್ನ ಬೀದಿ ವಾಣಿಜ್ಯ ವಲಯವಾಯಿತೆಂದು ಮತ್ತೊಬ್ಬನು ಬರೆಯುವನು. ನಕ್ಷೆಯಲ್ಲಿ ತನ್ನದೆಂಬ ಗೆರೆಯೇ ಇಲ್ಲದ ಬಾಡಿಗೆದಾರನು ಯಾವುದಕ್ಕೆಂದು ಆಕ್ಷೇಪಣೆ ಸಲ್ಲಿಸಬೇಕು? ಆಕ್ಷೇಪಣೆ ಕೇಳುವುದು ಬೇರೆ, ಸಹಭಾಗಿತ್ವ ಬೇರೆ. ಮೊದಲನೆಯದು ಆಸ್ತಿಯುಳ್ಳವನ ಹಕ್ಕಿನ ರಕ್ಷಣೆ. ಎರಡನೆಯದು ಅಗತ್ಯವುಳ್ಳವನ ಮಾತಿಗೆ ಸ್ಥಾನ ಕೊಡುವುದು.

ವರ್ತಕರು ತೆತ್ತ ಬೆಲೆ

ಸಹಭಾಗಿತ್ವವಿಲ್ಲದ ಯೋಜನೆಯಿಂದ ನಷ್ಟವಾಗುವುದು ಬಡವರಿಗೆ ಮಾತ್ರವೆಂದು ತಿಳಿಯಬಾರದು. 2007ರ ಮಹಾಯೋಜನೆಯು ವಸತಿ ವಲಯಗಳಲ್ಲಿ ವಾಣಿಜ್ಯ ಬಳಕೆಗೆ ವಿಸ್ತಾರವಾದ ಅವಕಾಶ ನೀಡಿತ್ತು. ಇದನ್ನು ವರ್ತಕ ಸಮುದಾಯವು ಸ್ವಾಗತಿಸಿದ್ದು ಸಹಜ. ಆದರೆ ನಿವಾಸಿಗಳ ಸಂಘಗಳು ಅದನ್ನು ಒಪ್ಪದೆ ನ್ಯಾಯಾಲಯದ ಮೊರೆ ಹೋದವು. ಮುಂದೆ ವಲಯ ನಿಯಮಗಳಿಗೆ ತಿದ್ದುಪಡಿಯಾಗಿ, ನಗರದ ಒಳಭಾಗದ ವಸತಿ ಬೀದಿಗಳಲ್ಲಿ ರಸ್ತೆಯು 40 ಅಡಿಗಿಂತ ಕಿರಿದಾಗಿದ್ದರೆ ವಾಣಿಜ್ಯ ಬಳಕೆಗೆ ಕಡಿವಾಣ ಬಿತ್ತು. ಅಲ್ಲಿ ಬಂಡವಾಳ ಹೂಡಿದ್ದ ಎಷ್ಟೋ ಸಣ್ಣ ವರ್ತಕರು ಪರವಾನಗಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಅವಕಾಶವು ಕಾಗದದಲ್ಲಿತ್ತು, ನೆರೆಹೊರೆಯ ಒಪ್ಪಿಗೆ ಅದಕ್ಕಿರಲಿಲ್ಲ. ಬೀದಿಯವರೊಡನೆ ಮೊದಲೇ ಕುಳಿತು, ಯಾವ ಬೀದಿಯಲ್ಲಿ ಎಂಥ ಅಂಗಡಿ, ಯಾವ ಹೊತ್ತಿನವರೆಗೆ, ವಾಹನ ನಿಲುಗಡೆ ಎಲ್ಲಿ ಎಂದು ತೀರ್ಮಾನಿಸಿಕೊಂಡಿದ್ದರೆ ಆ ಅವಕಾಶ ಉಳಿಯುವ ಸಂಭವ ಹೆಚ್ಚಿತ್ತು.

ಅಕ್ರಮ-ಸಕ್ರಮದ ಪ್ರಸಂಗವೂ ಇದೇ ಪಾಠವನ್ನು ಹೇಳುತ್ತದೆ. ಜನರ ನೈಜ ಅಗತ್ಯವನ್ನು ಅರಿಯದೆ ಮಾಡಿದ ಯೋಜನೆಯನ್ನು ಜನರು ಪಾಲಿಸಲಿಲ್ಲ. ಕಂದಾಯ ನಿವೇಶನಗಳಲ್ಲಿ ಮನೆಗಳೆದ್ದವು, ಮನೆಗಳ ಕೆಳಗೆ ಯಂತ್ರಗಳು ಬಂದವು. ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಸರ್ಕಾರ ಕಾನೂನು ಮಾಡಿದಾಗ ಅದು ವ್ಯಾಜ್ಯಕ್ಕೆ ಸಿಲುಕಿ, 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ಹೀಗೆ ಅತಂತ್ರದಲ್ಲಿರುವ ಕಟ್ಟಡಕ್ಕೆ ಬ್ಯಾಂಕಿನ ಸಾಲ ಸುಲಭವಲ್ಲ, ಪರವಾನಗಿ ಸುಲಭವಲ್ಲ, ಮಾರಾಟವೂ ಸುಲಭವಲ್ಲ. ಜನರು ಒಪ್ಪಿ ನಡೆಯುವ ಯೋಜನೆಯೇ ಉದ್ದಿಮೆಗೆ ಬೇಕಾದ ಸ್ಥಿರತೆಯನ್ನು ಕೊಡಬಲ್ಲದು.

ಇತರೆಡೆಗಳ ಅನುಭವ

ಈ ವಿಷಯದಲ್ಲಿ ಮುಂಬಯಿಯ ಅನುಭವ ಗಮನಾರ್ಹ. ಅಲ್ಲಿನ ಮಹಾನಗರ ಪಾಲಿಕೆಯು 2034ರವರೆಗಿನ ಅಭಿವೃದ್ಧಿ ಯೋಜನೆಗೆ ಪೂರ್ವಭಾವಿಯಾಗಿ ಸದ್ಯದ ಭೂಬಳಕೆಯ ನಕ್ಷೆಗಳನ್ನು ಪ್ರಕಟಿಸಿದಾಗ ನಾಗರಿಕ ಸಂಘಟನೆಗಳು ಅವುಗಳಲ್ಲಿನ ಅನೇಕ ತಪ್ಪುಗಳನ್ನು ಎತ್ತಿ ತೋರಿಸಿದ್ದವು. ಆದರೂ 2015ರ ಫೆಬ್ರವರಿಯಲ್ಲಿ ಬಂದ ಕರಡು ತಪ್ಪುಗಳಿಂದ ಮುಕ್ತವಾಗಿರಲಿಲ್ಲ. ಸುಮಾರು 65,000 ಸಲಹೆ ಹಾಗೂ ಆಕ್ಷೇಪಣೆಗಳು ಬಂದವು. ಏಪ್ರಿಲ್‌ನಲ್ಲಿ ಆ ಕರಡನ್ನು ಕೈಬಿಟ್ಟು ಮರುಪರಿಷ್ಕರಣೆಗೆ ಆದೇಶಿಸಲಾಯಿತು. ತಿದ್ದಿದ ಕರಡು 2016ರಲ್ಲಿ ಪ್ರಕಟವಾಗಿ 2018ರಲ್ಲಿ ಮಂಜೂರಾಯಿತು. ಅಲ್ಲಿನ ಕೊಳೆಗೇರಿ ನಿವಾಸಿಗಳು, ಬೀದಿ ವ್ಯಾಪಾರಿಗಳು ಮೊದಲಾದವರ ಸಂಘಟನೆಗಳು ಒಟ್ಟುಗೂಡಿ ವಾರ್ಡುವಾರು ಸಭೆ ನಡೆಸಿ, ತಮ್ಮ ಬಸ್ತಿಗಳ ಮಾಹಿತಿಯನ್ನು ತಾವೇ ಸಂಗ್ರಹಿಸಿ ಪಾಲಿಕೆಯ ಮುಂದಿಟ್ಟವು.

ದೆಹಲಿಯಲ್ಲಿ 2018ರಿಂದ ‘ಮೈ ಭೀ ದಿಲ್ಲಿ’ ಎಂಬ ಅಭಿಯಾನವು ಇದೇ ಬಗೆಯ ಕೆಲಸವನ್ನು ಕರಡು ಬರುವ ಮೊದಲೇ ಕೈಗೆತ್ತಿಕೊಂಡಿತು. ಮನೆಗೆಲಸದವರು, ಬಾಡಿಗೆದಾರರು, ಮನೆಯಲ್ಲಿಯೇ ಕುಳಿತು ಗುಡಿಕೈಗಾರಿಕೆ ನಡೆಸುವ ಮಹಿಳೆಯರು ತಮಗೆ ಬೇಕಾದುದನ್ನು ಯೋಜನೆಯ ಭಾಷೆಗೆ ಇಳಿಸುವುದನ್ನು ಕಲಿತರು. 2021ರ ಜೂನ್‌ನಲ್ಲಿ 2041ರ ಮಹಾಯೋಜನೆಯ ಕರಡು ಪ್ರಕಟವಾದಾಗ ಸುಮಾರು 33,000 ಆಕ್ಷೇಪಣೆ, ಸಲಹೆಗಳು ಬಂದವು.

ಹೊರದೇಶದ ಒಂದು ನಿದರ್ಶನವೂ ಉಪಯುಕ್ತ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪ್ರತಿಯೊಂದು ನಗರವೂ ತನ್ನ ಯೋಜನೆಯಲ್ಲಿ ವಸತಿಗೆಂದೇ ಪ್ರತ್ಯೇಕ ಅಧ್ಯಾಯವೊಂದನ್ನು ಇರಿಸಿಕೊಂಡು, ಸಾಮಾನ್ಯವಾಗಿ ಎಂಟು ವರ್ಷಗಳಿಗೊಮ್ಮೆ ಅದನ್ನು ಪರಿಷ್ಕರಿಸಬೇಕೆಂದು ಕಾನೂನು ವಿಧಿಸುತ್ತದೆ. ಪರಿಷ್ಕರಣೆಯಲ್ಲಿ ಎಲ್ಲ ಆದಾಯ ವರ್ಗಗಳ ಜನರನ್ನೂ ತೊಡಗಿಸಲು ನಗರವು ಶ್ರದ್ಧೆಯಿಂದ ಯತ್ನಿಸಬೇಕೆಂಬ ಷರತ್ತೂ ಇದೆ. ಹಾಗಿದ್ದೂ ಅಲ್ಲಿ ವಸತಿಯ ಅಭಾವ ತೀವ್ರವಾಗಿದೆ. ಇದಕ್ಕೊಂದು ಕಾರಣವೆಂದರೆ ಸಭೆಗಳಿಗೆ ಬರುವವರು ಹೆಚ್ಚಾಗಿ ಸ್ವಂತ ಮನೆಯುಳ್ಳ, ಬಿಡುವುಳ್ಳ ಹಿರಿಯರು. ತಮ್ಮ ನೆರೆಯಲ್ಲಿ ಹೊಸ ವಸತಿ ಸಮುಚ್ಚಯ ಬೇಡವೆಂದು ಅವರು ತಡೆಯುತ್ತ ಬಂದರು. ಇದಕ್ಕೆ ಪರಿಹಾರವಾಗಿ ಆ ರಾಜ್ಯವು ಪ್ರತಿ ನಗರದ ಪಾಲಿಗೂ ಆದಾಯ ವರ್ಗವಾರು ಇಷ್ಟಿಷ್ಟು ಮನೆಗಳಿಗೆ ಸ್ಥಳ ಕಲ್ಪಿಸಬೇಕೆಂದು ಸಂಖ್ಯೆಯನ್ನು ನಿಗದಿಪಡಿಸಿ, ಅದರ ಪಾಲನೆಯನ್ನು ಬಿಗಿಗೊಳಿಸುತ್ತ ಬಂದಿದೆ. ಸಂಖ್ಯೆ ನಿಗದಿಯಾದ ಮೇಲೆ ಮನೆ ಬೇಕೋ ಬೇಡವೋ ಎಂಬ ಚರ್ಚೆಗೆ ಎಡೆಯಿಲ್ಲ. ಎಲ್ಲಿ ಮತ್ತು ಹೇಗೆ ಎಂಬುದು ಮಾತ್ರ ಜನರ ಮುಂದಿರುವ ಪ್ರಶ್ನೆ.

ಈ ಅನುಭವಗಳಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಕರಡಿಗೆ ಮುಂಚೆ ಕೇಳಬೇಕು. ತಾವಾಗಿ ಬಾರದವರ ಬಳಿಗೆ ಹೋಗಿ ಕೇಳಬೇಕು. ನಗರದ ಒಟ್ಟು ಅಗತ್ಯವನ್ನು ಮೊದಲೇ ನಿರ್ಧರಿಸಿ, ಅದನ್ನು ಪೂರೈಸುವ ಬಗೆಯನ್ನು ಕೇಳಬೇಕು.

ವಿಳಂಬವಾಗುವುದೆಂಬ ವಾದ

ಜನರನ್ನೆಲ್ಲ ಕೇಳುತ್ತ ಕುಳಿತರೆ ಯೋಜನೆ ಮುಗಿಯುವುದು ಯಾವಾಗ ಎಂಬ ಪ್ರಶ್ನೆ ನಮ್ಮ ಸದಸ್ಯರಲ್ಲಿಯೂ ಕೆಲವರಿಂದ ಬರಬಹುದು. ಉದ್ದಿಮೆದಾರನಿಗೆ ಕಾಲವೇ ಹಣ. ಈ ಆತಂಕ ನ್ಯಾಯವಾದದ್ದೇ. ಆದರೆ ಸಾಕಷ್ಟು ಕೇಳದೆ ಮಾಡಿದ ಯೋಜನೆಗಳು ಎಷ್ಟು ಬೇಗ ಮುಗಿದವು? ಬೆಂಗಳೂರಿನ 2031ರ ಕರಡು ವರ್ಷಗಳ ಪರಿಶ್ರಮದ ನಂತರ ವ್ಯರ್ಥವಾಯಿತು. ಮುಂಬಯಿಯಲ್ಲಿ ಮೊದಲ ಕರಡಿನಿಂದ ಮಂಜೂರಾತಿಗೆ ಮೂರು ವರ್ಷಗಳು ಹಿಡಿದವು. ಆರಂಭದಲ್ಲಿ ಆರು ತಿಂಗಳನ್ನು ಉಳಿಸಲು ಹೋಗಿ ಕೊನೆಯಲ್ಲಿ ಅನೇಕ ವರ್ಷಗಳನ್ನು ಕಳೆದುಕೊಂಡಂತಾಯಿತು. ಅಡಿಪಾಯಕ್ಕೆ ಹಿಡಿಯುವ ದಿನಗಳನ್ನು ಮನೆ ಕಟ್ಟುವವನು ನಷ್ಟವೆಂದು ಎಣಿಸುವುದಿಲ್ಲ.

ಸಾರ್ವಜನಿಕ ಸಭೆಗಳು ಗದ್ದಲದಲ್ಲಿ ಮುಗಿಯುತ್ತವೆ, ಗಟ್ಟಿ ದನಿಯವರ ಮಾತೇ ನಡೆಯುತ್ತದೆ ಎಂಬ ಎರಡನೆಯ ವಾದವೂ ಇದೆ. ಇದು ಸಭೆಗಳನ್ನು ಬಿಡಲು ಕಾರಣವಲ್ಲ; ಅವುಗಳನ್ನು ಕ್ರಮಬದ್ಧವಾಗಿ ಸಂಘಟಿಸಲು ಕಾರಣ.

ಸಂಘಟನೆಯ ಕ್ರಮ

ನೂತನ ಪರಿಷ್ಕರಣೆಯಲ್ಲಿ ಯೋಜನಾ ಪ್ರಾಧಿಕಾರವು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.

1. ಕರಡನ್ನು ರಚಿಸುವ ಮೊದಲು ಪ್ರತಿ ವಾರ್ಡಿನ ಸದ್ಯದ ಸ್ಥಿತಿಯ ನಕ್ಷೆಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಮನೆ, ಅಂಗಡಿ, ಕಾರ್ಖಾನೆ, ಗೋದಾಮು, ಕೊಳೆಗೇರಿ, ಖಾಲಿ ನಿವೇಶನ ಎಲ್ಲವೂ ಅದರಲ್ಲಿರಬೇಕು. ವಾರ್ಡು ಕಚೇರಿ, ಗ್ರಂಥಾಲಯ, ಬಸ್ ನಿಲ್ದಾಣಗಳಲ್ಲಿ ಅದನ್ನು ತೂಗುಹಾಕಿ ತಪ್ಪುಗಳನ್ನು ತಿದ್ದಿಸಿಕೊಳ್ಳಬೇಕು. ತಪ್ಪು ನಕ್ಷೆಯ ಮೇಲೆ ಸರಿಯಾದ ಯೋಜನೆ ನಿಲ್ಲಲಾರದು.

2. ನಗರಕ್ಕೆ ಬೇಕಾದ ಮನೆಗಳ ಸಂಖ್ಯೆಯನ್ನು ಆದಾಯ ವರ್ಗವಾರು, ಸ್ವಂತ ಹಾಗೂ ಬಾಡಿಗೆ ಎಂದು ವಿಂಗಡಿಸಿ ಆರಂಭದಲ್ಲಿಯೇ ಘೋಷಿಸಬೇಕು. ಐದು ನಗರಪಾಲಿಕೆಗಳೂ ಅದನ್ನು ಹಂಚಿಕೊಳ್ಳಬೇಕು. ಉದ್ಯೋಗವೆಲ್ಲ ಒಂದು ಪಾಲಿಕೆಗೆ, ಬಡವರ ಮನೆಗಳೆಲ್ಲ ಮತ್ತೊಂದಕ್ಕೆ ಎಂಬಂತಾಗಕೂಡದು.

3. ಸಭೆಗಳನ್ನು ದುಡಿಯುವವರಿಗೆ ಅನುಕೂಲವಾದ ವೇಳೆಯಲ್ಲಿ ನಡೆಸಬೇಕು. ಕೆಲಸದ ದಿನ ಬೆಳಿಗ್ಗೆ 11 ಗಂಟೆಗೆ ಕರೆದ ಸಭೆಗೆ ಅಂಗಡಿಯವನೂ ಬರಲಾರ, ಅವನ ನೌಕರನೂ ಬರಲಾರ. ವಾರದ ರಜೆಯ ದಿನ ಅಥವಾ ಸಂಜೆಯ ಪಾಳಿ ಮುಗಿದ ಮೇಲೆ, ಕೈಗಾರಿಕಾ ಪ್ರದೇಶಗಳಲ್ಲಿಯೇ ಕೆಲವು ಸಭೆಗಳು ನಡೆಯಬೇಕು.

4. ಬಾಡಿಗೆದಾರರು, ವಲಸೆ ಕಾರ್ಮಿಕರು, ಉಡುಪು ಕಾರ್ಖಾನೆಗಳ ಮಹಿಳೆಯರು, ಕೊಳೆಗೇರಿ ನಿವಾಸಿಗಳು ಇವರಿಗೆ ಪ್ರತ್ಯೇಕ ಸಭೆಗಳಿರಬೇಕು. ಮನೆ ಮಾಲೀಕರ ಸಂಘದ ಎದುರಿನಲ್ಲಿ ಬಾಡಿಗೆದಾರನು ಮನಬಿಚ್ಚಿ ಮಾತನಾಡುವನೆಂದು ನಿರೀಕ್ಷಿಸಲಾಗದು.

5. ಬಂದ ಪ್ರತಿಯೊಂದು ಸಲಹೆಗೂ ಲಿಖಿತ ಉತ್ತರವಿರಬೇಕು. ಒಪ್ಪಿದ್ದರೆ ಯೋಜನೆಯ ಯಾವ ಭಾಗದಲ್ಲಿ ಸೇರಿದೆ, ಒಪ್ಪದಿದ್ದರೆ ಕಾರಣವೇನು ಎಂಬುದನ್ನು ವಾರ್ಡುವಾರು ಪ್ರಕಟಿಸಬೇಕು. ಉತ್ತರ ಬಾರದ ಪತ್ರವನ್ನು ಜನರು ಎರಡನೆಯ ಬಾರಿ ಬರೆಯುವುದಿಲ್ಲ.

6. ಪ್ರತಿ ವರ್ಷ ಆಯವ್ಯಯಕ್ಕೆ ಮುನ್ನ ಯೋಜನೆಯ ಪ್ರಗತಿಯನ್ನು ವಾರ್ಡು ಸಮಿತಿಯ ಮುಂದಿಡಬೇಕು. ಇಷ್ಟು ಮನೆ ಎಂದಿದ್ದೆವು, ಇಷ್ಟು ಆಯಿತು, ಇಷ್ಟು ಉಳಿಯಿತು ಎಂಬ ಲೆಕ್ಕ ಅದು. ವರ್ಷಾಂತ್ಯದ ತಾಳೆಪಟ್ಟಿಯಿಲ್ಲದೆ ಯಾವ ಅಂಗಡಿಯೂ ನಡೆಯದು. ನಗರ ಹೇಗೆ ನಡೆದೀತು?

ವಾಣಿಜ್ಯ ಸಂಸ್ಥೆಗಳು ಮಾಡಬೇಕಾದ ಕೆಲಸ

ಇವೆಲ್ಲವೂ ಸರ್ಕಾರದ ಕೆಲಸವೆಂದು ಕೈಕಟ್ಟಿ ಕೂರುವಂತಿಲ್ಲ. ವಾಣಿಜ್ಯ ಸಂಸ್ಥೆಗಳಿಗೆ ಇತರರಿಗಿಲ್ಲದ ಒಂದು ಶಕ್ತಿಯಿದೆ. ಸದಸ್ಯರ ಹಾಜರಿ ಪುಸ್ತಕಗಳಲ್ಲಿ ಸಾವಿರಾರು ಕೆಲಸಗಾರರ ವಿಳಾಸಗಳಿವೆ. ಪ್ರತಿಯೊಬ್ಬ ಸದಸ್ಯನೂ ತನ್ನ ನೌಕರರು ಯಾವ ಬಡಾವಣೆಯಿಂದ ಬರುತ್ತಾರೆ, ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಸಂಬಳದಲ್ಲಿ ಬಾಡಿಗೆಯ ಪಾಲೆಷ್ಟು, ಮುಂಗಡಕ್ಕೆ ಎಷ್ಟು ಸಾಲ ಮಾಡಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅವರ ಒಪ್ಪಿಗೆ ಪಡೆದು, ಹೆಸರು ನಮೂದಿಸದೆ ಉತ್ತರ ಸಂಗ್ರಹಿಸಿ ಕೊಟ್ಟರೆ, ಯೋಜನಾ ಪ್ರಾಧಿಕಾರಕ್ಕೆ ಬೆಲೆಬಾಳುವ ಮಾಹಿತಿಯೊಂದು ಸಿದ್ಧವಾಗುತ್ತದೆ. ದುಡಿಮೆಯ ಸ್ಥಳ ಮತ್ತು ವಾಸದ ಸ್ಥಳ ಎರಡನ್ನೂ ಜೋಡಿಸಿ ತೋರಿಸುವ ಲೆಕ್ಕವದು.

ಎರಡನೆಯದಾಗಿ, ಸಂಸ್ಥೆಯ ಸಭಾಂಗಣವನ್ನು ವಾರ್ಡು ಸಭೆಗಳಿಗೆ ತೆರೆದಿಡಬಹುದು. ನಕ್ಷೆ ಓದಲು, ಸಲಹೆಯನ್ನು ಬರೆದು ಸಲ್ಲಿಸಲು ನೆರವಾಗುವ ಒಂದು ಮೇಜು, ಇಬ್ಬರು ತಿಳಿದವರು ಸಾಕು. ಮೂರನೆಯದಾಗಿ, ಸಭೆಗೆ ಹೋಗುವ ಕೆಲಸಗಾರನಿಗೆ ಆ ದಿನದ ಎರಡು ಗಂಟೆಯ ಸಂಬಳವನ್ನು ಕಡಿತ ಮಾಡದಿರುವ ಸೌಜನ್ಯವನ್ನು ಸದಸ್ಯರು ತೋರಬೇಕು. ನಾಲ್ಕನೆಯದಾಗಿ, ಬಾಡಿಗೆ ವಸತಿಯ ಬಗೆಗೆ ಸಂಸ್ಥೆಯು ಸ್ಪಷ್ಟ ನಿಲುವನ್ನು ತಳೆಯಬೇಕು. ಕೇಂದ್ರ ಸರ್ಕಾರವು 2020ರಲ್ಲಿ ನಗರದ ವಲಸಿಗರು ಹಾಗೂ ಬಡವರಿಗಾಗಿ ಕೈಗೆಟುಕುವ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆಯನ್ನು ಪ್ರಕಟಿಸಿತ್ತು. 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿಯೂ ಬಾಡಿಗೆ ವಸತಿಗೆ ಪ್ರತ್ಯೇಕ ವಿಭಾಗವಿದೆ. ಒಬ್ಬೊಬ್ಬರಾಗಿ ಸಣ್ಣ ಉದ್ದಿಮೆದಾರರು ಇದರ ಪ್ರಯೋಜನ ಪಡೆಯುವುದು ಕಷ್ಟ. ಕೈಗಾರಿಕಾ ಪ್ರದೇಶವೊಂದರ ಐವತ್ತು ಘಟಕಗಳು ಒಟ್ಟಾಗಿ ಕೇಳಿದರೆ ಆ ಕೋರಿಕೆಗೆ ತೂಕ ಬರುತ್ತದೆ. ಆ ಬಗೆಯ ಸ್ಥಳವನ್ನು ವಸತಿ ಯೋಜನೆಯಲ್ಲಿಯೇ ಮೊದಲು ಗುರುತಿಸಿಡಬೇಕು.

ಮುಚ್ಚಿದ ಬಾಗಿಲೋ, ತೆರೆದ ಸಭೆಯೋ?

ಕೊನೆಯದಾಗಿ, ಹೇಳದೆ ಬಿಡಲಾಗದ ಒಂದು ಮಾತಿದೆ. ತೆರೆದ ಸಭೆಗೆ ಹೋದರೆ ನಾವು ಕೇಳಬೇಕಾದ ಮಾತುಗಳೆಲ್ಲ ಹಿತವಾಗಿರುವುದಿಲ್ಲ. ಮನೆಗಳ ನಡುವೆ ಬಂದ ಗೋದಾಮಿನ ಲಾರಿಗಳು, ರಾತ್ರಿಯೆಲ್ಲ ನಡೆಯುವ ಯಂತ್ರದ ಸದ್ದು, ಚರಂಡಿಗೆ ಬಿಡುವ ನೀರು ಇವುಗಳ ಬಗೆಗೆ ನೆರೆಯವರು ನಮ್ಮ ಮುಖಕ್ಕೇ ಹೇಳುತ್ತಾರೆ. ಕೆಲವು ಘಟಕಗಳನ್ನು ಸ್ಥಳಾಂತರಿಸಬೇಕಾಗಿ ಬರಬಹುದು. ಖಾಲಿ ಬಿಟ್ಟ ನಿವೇಶನಗಳ ಮೇಲೆ ಹೆಚ್ಚಿನ ತೆರಿಗೆ ಬೇಕೆಂಬ ಸಲಹೆ ಬಂದರೆ ಅದು ನಮ್ಮ ಸದಸ್ಯರಲ್ಲಿ ಹಲವರನ್ನು ತಟ್ಟುತ್ತದೆ.

ಇದರ ಬದಲಿಗೆ ಮಂತ್ರಿಗಳ ಕೊಠಡಿಗೆ ನಿಯೋಗ ಹೋಗಿ, ಮನವಿ ಪತ್ರ ಕೊಟ್ಟು, ಒಂದು ವಿನಾಯಿತಿಯನ್ನು ಪಡೆದು ಬರುವುದು ಸುಲಭವೆಂದು ತೋರಬಹುದು. ಆದರೆ ಹಾಗೆ ಪಡೆದ ವಿನಾಯಿತಿಯ ಆಯುಷ್ಯ ಮುಂದಿನ ತೀರ್ಪು ಅಥವಾ ಮುಂದಿನ ಸರ್ಕಾರದವರೆಗೆ ಮಾತ್ರ. ಹತ್ತು ವರ್ಷದ ಬ್ಯಾಂಕ್ ಸಾಲ ಪಡೆದು ಯಂತ್ರ ಹಾಕುವವನಿಗೆ ಅಷ್ಟು ಭರವಸೆ ಸಾಲದು. ತೆರೆದ ಸಭೆಯಲ್ಲಿ ಎಲ್ಲರೆದುರು ಕೊಟ್ಟು ತೆಗೆದುಕೊಂಡು ಒಪ್ಪಿದ ಯೋಜನೆಯಲ್ಲಿ ನಮಗೆ ದೊರೆಯುವುದು ಸ್ವಲ್ಪ ಕಡಿಮೆಯಾದರೂ ಅದು ನಮ್ಮ ಕೈಯಲ್ಲಿ ಉಳಿಯುತ್ತದೆ. ಚೌಕಾಸಿ ಮಾಡಿ ಒಪ್ಪಿದ ದರಕ್ಕೆ ಎರಡೂ ಕಡೆಯವರು ಬದ್ಧರಾಗಿರುವುದು ವ್ಯಾಪಾರದ ಧರ್ಮ. ಅದನ್ನು ವರ್ತಕರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಆದುದರಿಂದ ಪರಿಷ್ಕರಣೆಯ ಅಧಿಸೂಚನೆ ಹೊರಡುವವರೆಗೆ ಕಾಯದೆ, ನಾಡಿನ ಎಲ್ಲ ನಗರಗಳ ವಾಣಿಜ್ಯ ಸಂಸ್ಥೆಗಳೂ ತಮ್ಮಲ್ಲಿ ಒಂದು ವಸತಿ ಉಪಸಮಿತಿಯನ್ನು ರಚಿಸಿ, ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳ ಸಮೀಕ್ಷೆಯನ್ನು ಈ ವರ್ಷವೇ ಆರಂಭಿಸಲಿ. ಸದಸ್ಯ ಬಂಧುಗಳು ತಮ್ಮ ಕೆಲಸಗಾರರೊಡನೆ ಒಂದು ಗಂಟೆ ಕುಳಿತು ಆ ಉತ್ತರಗಳನ್ನು ಬರೆದುಕೊಳ್ಳಲಿ. ಕರಡು ಸಿದ್ಧವಾಗುವ ಮುನ್ನ ಆ ಲೆಕ್ಕ ಯೋಜನಾ ಪ್ರಾಧಿಕಾರದ ಮೇಜಿನ ಮೇಲಿರಬೇಕು.